ತತ್ತ್ವಜ್ಞಾನಿಗೆಂದು ಕಾನೂನು ಹಾಕಿಟ್ಟ ಕುರ್ಚಿ: ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕುಲಪತಿಗಳು ಹಾಗೂ ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು,
ದಾವಣಗೆರೆ ವಿಶ್ವವಿದ್ಯಾನಿಲಯ,
ಶಿವಗಂಗೋತ್ರಿ, ತೋಳಹುಣಸೆ.

ಮಾನ್ಯರೇ,

ಕೇಳಬೇಕಾದದ್ದನ್ನು ಮೊದಲಿಗೇ ಕೇಳಿಬಿಡುತ್ತೇನೆ. ವೈದ್ಯಕೀಯವೂ ಜೀವವಿಜ್ಞಾನವೂ ನಮ್ಮ ಮುಂದೆ ತಂದು ನಿಲ್ಲಿಸುವ ನೈತಿಕ ಪ್ರಶ್ನೆಗಳನ್ನು ತತ್ತ್ವಶಾಸ್ತ್ರದ ಶಿಸ್ತಿನಲ್ಲಿ ಓದಿಸುವ ಒಂದು ಪತ್ರಿಕೆಯನ್ನು ತಮ್ಮ ವಿಶ್ವವಿದ್ಯಾನಿಲಯ ಆರಂಭಿಸಬೇಕು. ಕಲೆ, ವಿಜ್ಞಾನ, ವಾಣಿಜ್ಯ ಎನ್ನದೆ ಯಾವ ವಿದ್ಯಾರ್ಥಿ ಬೇಕಾದರೂ ಅದನ್ನು ಆಯ್ದುಕೊಳ್ಳುವಂತಿರಬೇಕು. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯಲು ಅವಕಾಶವಿರಬೇಕು. ಬೇಡಿಕೆ ಇಷ್ಟೇ. ಒಂದು ಪತ್ರಿಕೆಗಾಗಿ ಬಹಿರಂಗ ಪತ್ರವೇ ಎಂದು ತಾವು ಹುಬ್ಬೇರಿಸಬಹುದು. ಕಾರಣ ಹೇಳುತ್ತೇನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಈಗ ಕೆಲವು ವರ್ಷಗಳಿಂದ ವೈದ್ಯಕೀಯ ಸಂಸ್ಥೆಯೊಂದರ ಎಥಿಕ್ಸ್ ಕಮಿಟಿಯಲ್ಲಿ 'ಸಾಮಾನ್ಯ ವ್ಯಕ್ತಿ'ಯಾಗಿ ಕೂರುತ್ತೇನೆ. ಇದು ನನ್ನ ವಿನಯದ ಮಾತಲ್ಲ, ಕಾನೂನಿನಲ್ಲಿ ನನ್ನ ಸ್ಥಾನಕ್ಕಿರುವ ಹೆಸರು. ಮನುಷ್ಯರ ಮೇಲೆ ಹೊಸ ಔಷಧದ ಪ್ರಯೋಗ ನಡೆಯಬೇಕಾದರೆ ಇಂಥ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳಿಗೆ ಸಂಬಂಧಿಸಿದ 2019ರ ನಿಯಮಗಳ ಪ್ರಕಾರ ಸಮಿತಿಯಲ್ಲಿ ಕನಿಷ್ಠ 7 ಜನರಿರಬೇಕು. ಅರ್ಧದಷ್ಟು ಸದಸ್ಯರು ಆ ಸಂಸ್ಥೆಗೆ ಸಂಬಂಧಪಡದವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು. ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ, ಒಬ್ಬ ಸಾಮಾನ್ಯ ವ್ಯಕ್ತಿ, ಇವರ ಜೊತೆಗೆ ಸಮಾಜ ವಿಜ್ಞಾನಿಯೋ, ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿಯೋ, ತತ್ತ್ವಜ್ಞಾನಿಯೋ, ನೀತಿಶಾಸ್ತ್ರಜ್ಞರೋ, ಧರ್ಮಶಾಸ್ತ್ರ ಬಲ್ಲವರೋ ಒಬ್ಬರು ಸ್ವತಂತ್ರ ಸದಸ್ಯರಾಗಿರಬೇಕು.

ಇಡೀ ದೇಶದ ಕಾನೂನಿನಲ್ಲಿ ತತ್ತ್ವಜ್ಞಾನಿಗೆ ಹೆಸರು ಹಿಡಿದು ಕುರ್ಚಿ ಹಾಕಿಟ್ಟ ಜಾಗಗಳು ಬೇರೆ ಎಷ್ಟಿದ್ದಾವು? ಆದರೆ ನಮ್ಮ ಊರಿನಲ್ಲಿ ಆ ಕುರ್ಚಿಯಲ್ಲಿ ತತ್ತ್ವಶಾಸ್ತ್ರ ಓದಿದವರನ್ನು ನಾನು ಕಂಡಿಲ್ಲ. ನಮ್ಮ ಸಮಿತಿಯಲ್ಲಿ ಅಲ್ಲಿ ಕೂರುವವರು ಒಬ್ಬ ಸಮಾಜ ಕಾರ್ಯಕರ್ತರು. ಸಜ್ಜನರು, ನಿಷ್ಠುರರು, ಹೋರಾಟದಲ್ಲಿ ಕೂದಲು ನರೆತವರು. ಅವರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವರೂ ನಾನೂ ಕೇಳಲಾಗದೆ ಬಿಡುವ ಪ್ರಶ್ನೆಗಳ ಬಗ್ಗೆ.

ಸಭೆಯಲ್ಲಿ ನಾವು ಏನು ನೋಡುತ್ತೇವೆ ಎಂದರೆ, ವಿಮೆಯ ಪತ್ರ ಇದೆಯೇ, ಅನಾಹುತವಾದರೆ ಪರಿಹಾರ ಕೊಡುವವರು ಯಾರು, ರಕ್ತದ ಮಾದರಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಸಮ್ಮತಿ ಪತ್ರದಲ್ಲಿ ಸಮಿತಿಯ ದೂರವಾಣಿ ಸಂಖ್ಯೆ ಇದೆಯೇ. ಇವೆಲ್ಲ ಬೇಕಾದವೇ. ಕೆಲವೊಮ್ಮೆ ಸಮ್ಮತಿ ಪಡೆಯುವಾಗ ಮಾಡಿದ ವಿಡಿಯೊ ಚಿತ್ರೀಕರಣವನ್ನೂ ನೋಡುತ್ತೇವೆ. ಅಂಥ ಒಂದನ್ನು ಇಲ್ಲಿ ಹೇಳುತ್ತೇನೆ. ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿರುವುದರಿಂದ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಚನ್ನಗಿರಿ ಕಡೆಯ ಹಿರಿಯರೊಬ್ಬರು. ಹೆಗಲ ಮೇಲೆ ಟವೆಲು, ಪಕ್ಕದಲ್ಲಿ ಮಗ. ಯುವ ವೈದ್ಯೆಯೊಬ್ಬರು ಸಮ್ಮತಿ ಪತ್ರವನ್ನು ನಿಧಾನವಾಗಿ, ಪ್ರಾಮಾಣಿಕವಾಗಿ ಓದಿ ಹೇಳುತ್ತಿದ್ದಾರೆ. ಭಾಗವಹಿಸುವವರಲ್ಲಿ ಅರ್ಧ ಜನಕ್ಕೆ ಹೊಸ ಔಷಧ, ಇನ್ನರ್ಧ ಜನಕ್ಕೆ ಈಗಿರುವ ಔಷಧ. ಯಾರಿಗೆ ಯಾವುದು ಎಂಬುದನ್ನು ವೈದ್ಯರು ತೀರ್ಮಾನಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ ಎಂದು ಅವರು ಬಿಡಿಸಿ ಹೇಳುತ್ತಾರೆ. ಹಿರಿಯರು ಕೇಳಿಸಿಕೊಂಡು ತಲೆಯಾಡಿಸುತ್ತಾರೆ. "ಯಾವುದನ್ನಾದರೂ ಕೊಡಿ ತಾಯಿ, ನನಗೆ ಒಳ್ಳೆಯದಾಗುವುದನ್ನೇ ನೀವು ನೋಡಿ ಕೊಡುತ್ತೀರಿ" ಎನ್ನುತ್ತಾರೆ. ವೈದ್ಯೆ ಒಂದು ಕ್ಷಣ ತಡೆಯುತ್ತಾರೆ, ಮತ್ತೆ ಅದೇ ಸಾಲನ್ನು ಓದುತ್ತಾರೆ. ಹಿರಿಯರು ಮತ್ತೆ ತಲೆಯಾಡಿಸಿ ಎಡಗೈ ಹೆಬ್ಬೆರಳನ್ನು ಶಾಯಿಯ ಪ್ಯಾಡಿನ ಕಡೆ ಚಾಚುತ್ತಾರೆ. ನಿಷ್ಪಕ್ಷಪಾತ ಸಾಕ್ಷಿಯ ಸಹಿ ಬೀಳುತ್ತದೆ. ಸಮ್ಮತಿ ಪತ್ರದ ಒಂದು ಪ್ರತಿಯನ್ನು ಮಗನ ಕೈಗೆ ಕೊಡಲಾಗುತ್ತದೆ.

ಕಾನೂನಿನ ಪ್ರಕಾರ ಎಲ್ಲವೂ ಸರಿ. ವಕೀಲರು ಸರಿ ಎಂದರು, ವೈದ್ಯರು ಸರಿ ಎಂದರು. ಆದರೆ ಆ ಹಿರಿಯರು ಒಪ್ಪಿಕೊಂಡದ್ದು ಯಾವುದಕ್ಕೆ? ತನಗಾಗಿ ಆರಿಸಿ ಕೊಡುವ ಚಿಕಿತ್ಸೆಗೆ. ನಡೆಯಲಿರುವುದು ಯಾರೂ ಆರಿಸದ ಪ್ರಯೋಗ. ಇಡೀ ಜಗತ್ತಿಗೆ ಗೊತ್ತಿರುವ ತೊಡಕು ಇದು. ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಮತ್ತು ಸಂಗಡಿಗರು 1982ರಲ್ಲೇ ಇದನ್ನು ಗುರುತಿಸಿ ಬರೆದರು. ಎರಡರಲ್ಲಿ ಯಾವ ಔಷಧ ಉತ್ತಮ ಎಂದು ವೈದ್ಯರ ಸಮುದಾಯಕ್ಕೇ ನಿಜವಾಗಿ ಗೊತ್ತಿಲ್ಲದಿದ್ದಾಗ ಮಾತ್ರ ಹೀಗೆ ಚೀಟಿ ಎತ್ತುವುದು ನ್ಯಾಯ ಎಂದು ನೀತಿಶಾಸ್ತ್ರಜ್ಞ ಬೆಂಜಮಿನ್ ಫ್ರೀಡ್‌ಮನ್ 1987ರಲ್ಲಿ ವಾದಿಸಿದರು. ಸಮ್ಮತಿಯ ಬೆಲೆ ಇರುವುದು ಅದು ವ್ಯಕ್ತಿಯ ಸ್ವಾಯತ್ತತೆಯ ಘೋಷಣೆ ಎಂಬುದರಲ್ಲಲ್ಲ, ವಂಚನೆ ಮತ್ತು ಬಲಾತ್ಕಾರಗಳಿಗೆ ಅದು ಅಡ್ಡ ನಿಲ್ಲುತ್ತದೆ ಎಂಬುದರಲ್ಲಿ, ಇದು ಬ್ರಿಟನ್ನಿನ ತತ್ತ್ವಜ್ಞಾನಿ ಒನೋರಾ ಓನೀಲ್ ಅವರ ನಿಲುವು. ಈ ಕೊನೆಯ ಮಾತನ್ನು ಒಪ್ಪಿದರೆ ಚನ್ನಗಿರಿಯ ಹಿರಿಯರ ಹೆಬ್ಬೆಟ್ಟಿಗೆ ಬೆಲೆ ಇದೆ, ಏಕೆಂದರೆ ಅವರಿಗೆ ಯಾರೂ ಮೋಸ ಮಾಡಿಲ್ಲ. ಒಪ್ಪದಿದ್ದರೆ ಇಲ್ಲ. ನಂಬಿಕೆಯಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲವೇ ಎಂಬುದು ನಮ್ಮ ಆಸ್ಪತ್ರೆಗಳ ಪ್ರತಿ ಹಾಸಿಗೆಯ ಪಕ್ಕದಲ್ಲೂ ನಿಂತಿರುವ ಪ್ರಶ್ನೆ. ಅದನ್ನು ಕೇಳಬಲ್ಲವರು ಸಮಿತಿಯಲ್ಲಿರಬೇಕೆಂದೇ ಕಾನೂನು ಆ ಕುರ್ಚಿ ಹಾಕಿದ್ದು.

ಇದು ವೈದ್ಯಕೀಯ ಕಾಲೇಜುಗಳ ಕೆಲಸ ಎಂದು ತಾವು ಹೇಳಬಹುದು. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಭಾವ, ನೀತಿ, ಸಂವಹನಗಳನ್ನು ಒಟ್ಟಾಗಿ ಕಲಿಸುವ 'ಎಟ್‌ಕಾಮ್' ಭಾಗ ಸೇರಿದೆ, ಅದು ಒಳ್ಳೆಯದೇ. ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕು, ರೋಗಿಯ ಗುಟ್ಟನ್ನು ಹೇಗೆ ಕಾಯಬೇಕು ಎಂಬುದನ್ನು ಭಾವಿ ವೈದ್ಯರು ಅಲ್ಲಿ ಕಲಿಯುತ್ತಾರೆ. ಆದರೆ ಅದು ವೈದ್ಯರ ನಡವಳಿಕೆಯ ತರಬೇತಿ. ವೈದ್ಯರ ಎದುರು ಕೂರುವವರಿಗೆ ಏನಿದೆ? ಇನ್ನೊಂದು ವಿಚಿತ್ರವನ್ನೂ ಗಮನಿಸಿ. 1965ರಿಂದ ವೈದ್ಯಕೀಯ ಕಾಲೇಜು ಇರುವ ಊರು ನಮ್ಮದು. ಈಗ ಎರಡು ವೈದ್ಯಕೀಯ ಕಾಲೇಜುಗಳಿವೆ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಕಾಲೇಜುಗಳಿವೆ. ಜಗಳೂರು, ಹೊಸದುರ್ಗ, ರಾಣೆಬೆನ್ನೂರಿನಿಂದ ರೋಗಿಗಳು ಇಲ್ಲಿಗೇ ಬರುತ್ತಾರೆ. ಹರಪನಹಳ್ಳಿಯಂತೂ ಜಿಲ್ಲೆಯ ಮೇಲೆ ಜಿಲ್ಲೆ ಬದಲಾಯಿಸಿತು, ಅಲ್ಲಿನ ರೋಗಿಗಳು ದಾವಣಗೆರೆಯನ್ನು ಬದಲಾಯಿಸಲಿಲ್ಲ. ಆದರೆ ಈ ಕಾಲೇಜುಗಳೆಲ್ಲ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ತೋಳಹುಣಸೆಯಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದುವವರಿಗೂ ಪಿ.ಬಿ. ರಸ್ತೆಯ ಆಚೀಚೆ ಸ್ಟೆತಸ್ಕೋಪ್ ಹಾಕಿಕೊಂಡು ಓಡಾಡುವವರಿಗೂ ಒಂದೇ ತರಗತಿಯಲ್ಲಿ ಕೂರುವ ಪ್ರಸಂಗವೇ ಬರುವುದಿಲ್ಲ. ಎರಡು ವಿಶ್ವವಿದ್ಯಾನಿಲಯಗಳ ನಡುವೆ ಈ ವಿಷಯ ಅನಾಥವಾಗಿದೆ.

ತತ್ತ್ವಶಾಸ್ತ್ರ ಇಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಊರಿನದೇ ನಿದರ್ಶನವಿದೆ. ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಜಾರಿಗೊಳಿಸಿ ರಾಜ್ಯ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು. ದಯಾಮರಣ ಕೋರಿ ವರ್ಷಗಟ್ಟಲೆ ಅರ್ಜಿ ಬರೆದಿದ್ದ ದಾವಣಗೆರೆಯ ವಯೋವೃದ್ಧ ನಿವೃತ್ತ ಶಿಕ್ಷಕಿಯೊಬ್ಬರು ಅದರ ಮೊದಲ ಫಲಾನುಭವಿಯಾಗುತ್ತಾರೆ ಎಂದು ಪತ್ರಿಕೆಗಳು ಬರೆದವು. ಚಹಾದ ಅಂಗಡಿಯಲ್ಲಿ, ವಾಯುವಿಹಾರದಲ್ಲಿ ಅದೇ ಮಾತು. ಇನ್ನು ಮುಂದೆ ಅರ್ಜಿ ಕೊಟ್ಟರೆ ಸರ್ಕಾರವೇ ಇಂಜೆಕ್ಷನ್ ಕೊಡಿಸುತ್ತದೆ ಎಂದು ನಂಬಿದವರನ್ನು ನಾನು ಕಂಡಿದ್ದೇನೆ. ಕೋರ್ಟ್ ಹೇಳಿದ್ದು ಅದಲ್ಲ. ಗುಣವಾಗುವ ಆಸೆಯಿಲ್ಲದ ರೋಗಿಯನ್ನು ಜೀವರಕ್ಷಕ ಯಂತ್ರದ ಮೇಲೆ ಇಡದಿರಬಹುದು, ಇಟ್ಟದ್ದನ್ನು ತೆಗೆಯಬಹುದು. ವ್ಯಕ್ತಿ ಎಚ್ಚರವಿದ್ದಾಗಲೇ ಇಬ್ಬರು ಸಾಕ್ಷಿಗಳ ಮುಂದೆ ಇಂಥ ಇಚ್ಛಾಪತ್ರ ಬರೆದಿಡಬಹುದು. 2018ರ ಮಾರ್ಚ್ 9ರ ತೀರ್ಪಿನ ಸಾರ ಇದು. 2023ರ ಜನವರಿಯಲ್ಲಿ ಕೋರ್ಟ್ ಆ ವಿಧಾನವನ್ನು ಸರಳಗೊಳಿಸಿತು. ಇಚ್ಛಾಪತ್ರಕ್ಕೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು, ಎರಡು ವೈದ್ಯಕೀಯ ಮಂಡಳಿಗಳು ಒಂದಾದ ಮೇಲೊಂದು ನೋಡಿ ಒಪ್ಪಬೇಕು. ಯಂತ್ರವೇ ಇಲ್ಲದೆ ನೋವಿನಿಂದ ಬದುಕುತ್ತಿರುವವರ ಬಳಿ ತೆಗೆಯುವುದಕ್ಕೆ ಏನೂ ಇಲ್ಲ. ಹಾಗಾದರೆ ಅವರಿಗೆ ಆ ತೀರ್ಪಿನಿಂದ ಸಿಕ್ಕಿದ್ದೇನು?

ತತ್ತ್ವಶಾಸ್ತ್ರದ ತರಗತಿ ಇಲ್ಲಿಂದ ಶುರುವಾಗಬೇಕು. ಸಾಯಲು ಬಿಡುವುದಕ್ಕೂ ಸಾಯಿಸುವುದಕ್ಕೂ ನಿಜವಾಗಿ ನೈತಿಕ ಅಂತರ ಇದೆಯೇ? ಇಲ್ಲ ಎಂದು ಅಮೆರಿಕದ ಜೇಮ್ಸ್ ರೇಚಲ್ಸ್ 1975ರಲ್ಲಿ ವಾದಿಸಿದರು. ಅವರು ಕೊಟ್ಟ ಕಥೆ ಭಯಂಕರವಾಗಿದೆ. ಆರು ವರ್ಷದ ದಾಯಾದಿ ಹುಡುಗ ಸತ್ತರೆ ಆಸ್ತಿ ತನಗೆ ಬರುತ್ತದೆಂದು ಒಬ್ಬ ಅವನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬ ಹಾಗೆಯೇ ಕೊಲ್ಲಲು ಒಳಗೆ ಬರುತ್ತಾನೆ, ಅಷ್ಟರಲ್ಲಿ ಹುಡುಗ ಜಾರಿ ತಲೆಗೆ ಪೆಟ್ಟು ಬಿದ್ದು ನೀರಿಗೆ ಮುಖವಿಟ್ಟು ಬೀಳುತ್ತಾನೆ. ಇವನು ಕೈಕಟ್ಟಿ ನಿಂತು ನೋಡುತ್ತಾನೆ. ಒಬ್ಬ ಮಾಡಿದ, ಇನ್ನೊಬ್ಬ ಬಿಟ್ಟ. ಎರಡನೆಯವನು ಉತ್ತಮ ಎನ್ನಲು ಯಾರಿಗೆ ಬಾಯಿ ಬರುತ್ತದೆ? ವಾದ ಗಟ್ಟಿಯಾಗಿದೆ. ಆದರೆ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡಿದ ವೈದ್ಯರನ್ನು ಕೇಳಿ ನೋಡಿ, ಬಹುಮಂದಿ ಒಪ್ಪುವುದಿಲ್ಲ. ತೊಟ್ಟಿಯ ಇಬ್ಬರಿಗೂ ಬೇಕಾಗಿದ್ದುದು ಸಾವು. ವೆಂಟಿಲೇಟರ್ ತೆಗೆಯುವವರಿಗೆ ಬೇಕಾಗಿರುವುದು ವ್ಯರ್ಥ ಹಿಂಸೆಯ ಕೊನೆ ಎನ್ನುತ್ತಾರೆ. ನನಗೆ ವೈದ್ಯರ ಮಾತೇ ಸರಿ ಎನಿಸುತ್ತದೆ. ಆದರೆ ರೇಚಲ್ಸ್‌ಗೆ ಉತ್ತರ ಕೊಡಲು ಕೂತರೆ ಅದು ಎಷ್ಟು ಕಷ್ಟ ಎಂಬುದೂ ಗೊತ್ತಾಗುತ್ತದೆ. ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಆ ಕಷ್ಟದ ಪರಿಚಯವಾಗಲಿ ಎಂಬುದೇ ನನ್ನ ಕೋರಿಕೆ.

ಕೋರ್ಟಿನ ಎರಡು ಮಂಡಳಿಗಳು ಎಂದೂ ನೋಡದ ಒಂದು ಸಾವು ನಮ್ಮ ಕಡೆ ಇದೆ. ರೋಗಿ ವೆಂಟಿಲೇಟರ್ ಮೇಲಿದ್ದಾರೆ. ಹಣ ಮುಗಿದಿದೆ, ಒಡವೆ ಅಡವಿಗೆ ಹೋಗಿದೆ. ಮನೆಯವರು 'ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತಿದ್ದೇವೆ' ಎಂಬ ಕಾಗದಕ್ಕೆ ಸಹಿ ಹಾಕುತ್ತಾರೆ. ಆಂಬುಲೆನ್ಸಿನಲ್ಲಿ ಯಂತ್ರದ ಬದಲು ಕೈಯಿಂದ ಒತ್ತುವ ಉಸಿರಿನ ಚೀಲ. ಅದನ್ನು ಒಬ್ಬರು ಒತ್ತುತ್ತಲೇ ಬರಬೇಕು, ಊರಿನವರೆಗೂ. ಮನೆಯ ಅಂಗಳದಲ್ಲಿ ಇಳಿಸಿ, ಬಂದವರೆಲ್ಲ ಮುಖ ನೋಡಿ, ಬಾಯಿಗೆ ನೀರು ಬಿಟ್ಟ ಮೇಲೆ ಆ ಕೈ ಒತ್ತುವುದನ್ನು ನಿಲ್ಲಿಸುತ್ತದೆ. ಕೆಲವೊಮ್ಮೆ ಅದು ಆಂಬುಲೆನ್ಸಿನ ಹುಡುಗನ ಕೈ, ಕೆಲವೊಮ್ಮೆ ಮಗನದೇ. ಆ ಕೈ ಏನನ್ನಾದರೂ ಮಾಡಿತೇ, ಅಥವಾ ಮಾಡುವುದನ್ನು ಬಿಟ್ಟಿತೇ? ಇಚ್ಛಾಪತ್ರವಿಲ್ಲ, ಮಂಡಳಿಯಿಲ್ಲ, ರೋಗಿಯ ಇಚ್ಛೆ ಏನೆಂದು ಕೇಳಿದವರಿಲ್ಲ. ಅಲ್ಲಿ ತೀರ್ಮಾನಿಸಿದ್ದು ಸ್ವಾಯತ್ತತೆಯಲ್ಲ, ಆಸ್ಪತ್ರೆಯ ಬಿಲ್ಲು. ಅಮೆರಿಕದ ಬೀಚಂಪ್ ಮತ್ತು ಚಿಲ್‌ಡ್ರೆಸ್ 1979ರಲ್ಲಿ ಮುಂದಿಟ್ಟ ನಾಲ್ಕು ತತ್ತ್ವಗಳನ್ನು ಈಗ ಎಲ್ಲ ಕಡೆ ಬಾಯಿಪಾಠ ಮಾಡಿಸುತ್ತಾರೆ: ಸ್ವಾಯತ್ತತೆ, ಹಿತ ಮಾಡುವುದು, ಕೇಡು ಮಾಡದಿರುವುದು, ನ್ಯಾಯ. ನಮ್ಮ ವಾರ್ಡುಗಳಲ್ಲಿ ಪಾಠ ನಾಲ್ಕನೆಯದರಿಂದ ಶುರುವಾಗಬೇಕು ಎಂದು ಆ ಅಂಗಳದಲ್ಲಿ ನಿಂತು ನೋಡಿದ ಯಾರಿಗಾದರೂ ಅನಿಸುತ್ತದೆ. ಇಂಥ ಮಾತನ್ನು ವಾದವಾಗಿ ಕಟ್ಟಿ ಲೋಕದ ಮುಂದಿಡುವ ಕೆಲಸ ಬಾಸ್ಟನ್ನಿನಲ್ಲಿ ಆಗುವುದಿಲ್ಲ, ಇಲ್ಲಿಯೇ ಆಗಬೇಕು.

ಇಲ್ಲಿಯ ಸಾಮಗ್ರಿಗೇನು ಬರವೇ? ಮುಂಬೈಯ ಆಸ್ಪತ್ರೆಯಲ್ಲಿ 1973ರಲ್ಲಿ ಹಲ್ಲೆಗೊಳಗಾಗಿ 42 ವರ್ಷ ಹಾಸಿಗೆ ಹಿಡಿದು 2015ರಲ್ಲಿ ತೀರಿಕೊಂಡ ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಅವರ ಪರವಾಗಿ ಮಾತನಾಡುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಎದ್ದಾಗ 2011ರಲ್ಲಿ ಸುಪ್ರೀಂ ಕೋರ್ಟ್, ಅವರಿಗೆ ದಯಾಮರಣ ಕೋರಿ ಅರ್ಜಿ ಹಾಕಿದ ಲೇಖಕಿಗಿಂತ ದಿನವೂ ಉಣಿಸಿ ಮೈ ಒರೆಸಿದ ಆಸ್ಪತ್ರೆಯ ಸಿಬ್ಬಂದಿಯ ಮಾತಿಗೇ ಹೆಚ್ಚು ತೂಕ ಕೊಟ್ಟಿತು. ಆರೈಕೆ ಮಾಡಿದವರಿಗೆ ಅಧಿಕಾರ ಬರುತ್ತದೆಯೇ? ಬಂದರೆ ಎಲ್ಲಿಯವರೆಗೆ? ಇನ್ನು ಸಲ್ಲೇಖನ, ಅಂದರೆ ಊಟ ಬಿಟ್ಟು ಸಾವನ್ನು ಎದುರುಗೊಳ್ಳುವ ಜೈನರ ವ್ರತ. ಶ್ರವಣಬೆಳಗೊಳದ ಬಂಡೆಗಳ ಮೇಲೆ ಸಾವಿರ ವರ್ಷಗಳಿಗೂ ಹಿಂದಿನ ವ್ರತದ ದಾಖಲೆಗಳಿವೆ. ಅದು ಆತ್ಮಹತ್ಯೆ ಎಂದು ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಹೇಳಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಇತಿಹಾಸದ ಮೇಷ್ಟರಾಗಿ ಆ ಶಾಸನಗಳನ್ನು ನಾನು ಕಾಲನಿರ್ಣಯಕ್ಕೆ ಓದಿಸಿದ್ದುಂಟು. ಊಟ ಬಿಡುವುದಕ್ಕೂ ವೆಂಟಿಲೇಟರ್ ಬೇಡವೆನ್ನುವುದಕ್ಕೂ ಏನು ಸಂಬಂಧ ಎಂದು ಚರ್ಚಿಸಲು ಅವನ್ನು ಓದಿಸುವ ತರಗತಿ ಬೇರೆಯೇ ಆಗುತ್ತದೆ.

ಅಂಗಾಂಗ ದಾನದ ಮಾತನ್ನು ಬೇಗ ಮುಗಿಸುತ್ತೇನೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತಕ್ಕೀಡಾದಾಗ ಅವರು ಹೋದರೆಂದೂ ಇನ್ನೂ ಇದ್ದಾರೆಂದೂ ಒಂದೇ ದಿನ ಸುದ್ದಿ ಹರಿದಾಡಿದ್ದು ನೆನಪಿರಬಹುದು. ಮೆದುಳು ನಿಷ್ಕ್ರಿಯವಾಗಿ ಎದೆ ಬಡಿಯುತ್ತಿರುವಾಗ ವ್ಯಕ್ತಿ ಸತ್ತಿದ್ದಾನೆ ಎಂದು 1994ರ ಅಂಗಾಂಗ ಕಸಿ ಕಾಯ್ದೆ ಒಪ್ಪುತ್ತದೆ. ಕಾಯ್ದೆ ಒಪ್ಪಿತೆಂದು ತಾಯಿಯ ಮನಸ್ಸು ಒಪ್ಪಬೇಕಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಬೇರೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ನಾವೆಲ್ಲ ಛೀ ಎಂದೆವು, ಸರಿಯೇ. ಆದರೆ ಗರ್ಭಪಾತಕ್ಕೆ 1971ರ ಕಾಯ್ದೆಯಲ್ಲಿ ಅವಕಾಶವಿದೆ, 2021ರ ತಿದ್ದುಪಡಿ ಅದನ್ನು ಹಿಗ್ಗಿಸಿತು. ಅದನ್ನು ಹೆಣ್ಣಿನ ದೇಹದ ಮೇಲೆ ಹೆಣ್ಣಿಗಿರುವ ಹಕ್ಕು ಎಂದು ನಾನು ಒಪ್ಪುತ್ತೇನೆ. ಹಾಗಿದ್ದರೆ ಒಂದು ಕಾರಣಕ್ಕೆ ಮಾತ್ರ ಆ ಹಕ್ಕು ಇಲ್ಲ ಎನ್ನುವುದು ಹೇಗೆ? 'ಅದು ಅವಳ ನಿರ್ಧಾರವಲ್ಲ, ಅತ್ತೆಯ ನಿರ್ಧಾರ' ಎಂದರೆ, ಉಳಿದ ಗರ್ಭಪಾತಗಳಲ್ಲಿ ಅತ್ತೆಯ ಪಾತ್ರ ಇಲ್ಲವೇ? 'ಹುಟ್ಟಲಿರುವ ಹೆಣ್ಣಿಗೆ ಅನ್ಯಾಯ' ಎಂದರೆ, ಭ್ರೂಣಕ್ಕೆ ಹಕ್ಕಿದೆ ಎಂದು ಒಪ್ಪಿದಂತಾಗಿ ಮೊದಲ ಹಕ್ಕೇ ಅಲುಗಾಡುತ್ತದೆ. 'ಈಗ ಬದುಕಿರುವ ಹೆಣ್ಣುಮಕ್ಕಳೆಲ್ಲರಿಗೆ ಅವಮಾನ' ಎಂದರೆ, ಅಂಗವೈಕಲ್ಯದ ಕಾರಣಕ್ಕೆ ನಡೆಯುವ ಗರ್ಭಪಾತದ ಬಗ್ಗೆ ಅದೇ ಮಾತು ಹೇಳಬೇಕಾಗುತ್ತದೆ. ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯ್ದೆ, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ, ಎರಡೂ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಎರಡನ್ನೂ ಒಟ್ಟಿಗೆ ಎತ್ತಿ ಹಿಡಿಯುವ ವಾದ ಯಾವುದು ಎಂಬುದನ್ನು ಮಾತ್ರ ನಮ್ಮ ಯಾವ ಜಾಗೃತಿ ಜಾಥಾದಲ್ಲೂ ಕೇಳಿಲ್ಲ. ಜಾಥಾದಲ್ಲಿ ಘೋಷಣೆ ಸಾಕು. ವಿಶ್ವವಿದ್ಯಾನಿಲಯದಲ್ಲಿ ಸಾಲದು.

ಆಕ್ಷೇಪಣೆಗಳು ಏನು ಬರುತ್ತವೆ ಎಂಬುದು ಗೊತ್ತಿದೆ, ನಾನೂ ಕಾಲೇಜಿನಲ್ಲೇ ಆಯುಷ್ಯ ಕಳೆದವನು. ಮೌಲ್ಯ ಶಿಕ್ಷಣ ಈಗಾಗಲೇ ಇದೆ ಎನ್ನುತ್ತಾರೆ. ದಯವಿಟ್ಟು ಇದನ್ನು ಅದರ ಜೊತೆ ಸೇರಿಸಬೇಡಿ. ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ವಿದ್ಯಾರ್ಥಿ ಅದನ್ನು ಬರೆದು ಅಂಕ ಪಡೆಯುತ್ತಾನೆ. ಇಲ್ಲಿ ತಾನು ಒಪ್ಪದ ಪಕ್ಷದ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಬರೆದವನಿಗೆ ಅಂಕ ಸಿಗಬೇಕು. ಉದ್ಯೋಗ ಎಲ್ಲಿದೆ ಎನ್ನುತ್ತಾರೆ. ಪ್ರಯೋಗ ನಡೆಸುವ ಸಂಸ್ಥೆಗಳಿಗೆ ಸಮಿತಿ ಬೇಕು, ಕಸಿ ನಡೆಸುವ ಆಸ್ಪತ್ರೆಗಳಿಗೆ ಸಂಯೋಜಕರು ಬೇಕು, ಅಷ್ಟು ಇದೆ. ಆದರೆ ಉದ್ಯೋಗದ ಲೆಕ್ಕ ಹಾಕಿ ಈ ಪತ್ರಿಕೆಯನ್ನು ಮಾರುವುದು ನನಗೆ ಇಷ್ಟವಿಲ್ಲ. ಕಲಿಸುವವರು ಯಾರು ಎಂಬುದು ಮಾತ್ರ ನಿಜವಾದ ತೊಂದರೆ. ಮೈಸೂರಿನಲ್ಲೂ ಧಾರವಾಡದಲ್ಲೂ ತತ್ತ್ವಶಾಸ್ತ್ರದ ವಿಭಾಗಗಳಿವೆ, ಅಲ್ಲಿಂದ ಒಬ್ಬರನ್ನು ಕರೆಸಿಕೊಳ್ಳಿ. ಅವರ ಜೊತೆಗೆ ಐಸಿಯು ಕಂಡ ಒಬ್ಬ ವೈದ್ಯರು, ಕಾನೂನು ಕಾಲೇಜಿನಿಂದ ಒಬ್ಬರು, ಮತ್ತು ದಯವಿಟ್ಟು ಒಬ್ಬ ಹಿರಿಯ ಶುಶ್ರೂಷಕಿ. ಸಮ್ಮತಿ ಪತ್ರದ ಮೇಲೆ ಸಹಿ ಹೇಗೆ ಬೀಳುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ನೋಡಿದವರಿಲ್ಲ. ಅತಿಥಿ ಉಪನ್ಯಾಸಕರ ಗೌರವಧನವನ್ನು ಸಕಾಲಕ್ಕೆ ಕೊಡುವ ಏರ್ಪಾಡೂ ಇರಲಿ, ಇದನ್ನು ಹೇಳದೆ ಇರಲಾರೆ.

ಪಠ್ಯದಲ್ಲಿ, ನಾಜಿ ವೈದ್ಯರ ವಿಚಾರಣೆಯಲ್ಲಿ ಮನುಷ್ಯರ ಮೇಲಿನ ಪ್ರಯೋಗಗಳಿಗೆ ಹಾಕಿದ ಕಟ್ಟಳೆಯಾದ ನ್ಯೂರೆಂಬರ್ಗ್ ಸಂಹಿತೆ ಬರಲಿ. ಅಮೆರಿಕದಲ್ಲಿ ಕಪ್ಪು ಜನಾಂಗದ ಬಡವರ ಸಿಫಿಲಿಸ್ ರೋಗಕ್ಕೆ ಔಷಧ ಕೊಡದೆ 1932ರಿಂದ 1972ರವರೆಗೆ ಸುಮ್ಮನೆ ನೋಡುತ್ತಾ ಕೂತ ಟಸ್ಕಿಗೀ ಅಧ್ಯಯನ ಬರಲಿ. ಜೊತೆಗೆ ಕಲಬುರಗಿ, ಹಾವೇರಿ ಜಿಲ್ಲೆಗಳ ತಾಂಡಾಗಳಲ್ಲಿ ಗರ್ಭಕೋಶ ಕಳೆದುಕೊಂಡು ಬೀದಿಗಿಳಿದ ಮಹಿಳೆಯರ ಹೋರಾಟವೂ ಬರಲಿ. ತಪಾಸಣೆಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯುವುದಕ್ಕೆ ಒಪ್ಪಿಗೆಯಲ್ಲ ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅದರ ಪಕ್ಕದಲ್ಲಿಟ್ಟು ಓದಿಸಲಿ.

ಕೊನೆಯದಾಗಿ ಒಂದು ವ್ಯಾವಹಾರಿಕ ಮಾತು. ತರಗತಿಯನ್ನು ಹಗಲು ಹೊತ್ತು ಶಿವಗಂಗೋತ್ರಿಯಲ್ಲೇ ಇಟ್ಟರೆ ಆಸ್ಪತ್ರೆಗಳಲ್ಲಿ ದುಡಿಯುವವರು ಬರಲಾರರು. ವಾರಕ್ಕೊಂದು ಸಂಜೆ ನಗರದೊಳಗಿನ ಯಾವುದಾದರೂ ಕಾಲೇಜಿನ ಕೊಠಡಿಯಲ್ಲಿ ಇಡಿ. ಹೊರಗಿನವರನ್ನೂ ಶುಲ್ಕ ಪಡೆದು ಸೇರಿಸಿಕೊಳ್ಳುವಂತೆ ನಿಯಮ ಮಾಡಿ. ಬರುವ ಅರ್ಜಿಗಳಲ್ಲಿ ಒಂದು ನನ್ನದಿರುತ್ತದೆ. ಈ ಪತ್ರವನ್ನು ವಿದ್ಯಾವಿಷಯಕ ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದೂ, ನಿರ್ಣಯ ಏನೇ ಆಗಲಿ ಅದನ್ನು ಕಾರಣ ಸಹಿತ ಪ್ರಕಟಿಸಬೇಕೆಂದೂ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಎಥಿಕ್ಸ್ ಕಮಿಟಿಯೊಂದರ 'ಸಾಮಾನ್ಯ ವ್ಯಕ್ತಿ',
ವಿದ್ಯಾನಗರ, ದಾವಣಗೆರೆ